ಸರ್ಕಲ್ಲಿನಲ್ಲಿ ಚಪ್ಪಲಿ ಹಿಡಿದು

ಮೈಸೂರಿನಲ್ಲಿ ಇಂಗ್ಲಿಷ್ ಬಾರದವರ ಬಾಯಲ್ಲೂ ಸಲೀಸಾಗಿ ಓಡಾಡುವ ಮಾತುಗಳಲ್ಲಿ ಸರ್ಕಲ್ ಒಂದು. ಸೊಪ್ಪು ಮಾರುವವಳು ‘ಸರ್ಕಲ್ ತಾವ ಕುಂತಿರ್ತೀನಿ’ ಅನ್ನುತ್ತಾಳೆ. ಜಟಕಾದವನು ‘ಸರ್ಕಲ್‌ಗಂಟ ಬತ್ತೀನಿ, ಆಮೇಲೆ ಇಳ್ಕೊಳಿ’ ಅನ್ನುತ್ತಾನೆ. ಅದಕ್ಕೆ ಕನ್ನಡದಲ್ಲೂ ಒಂದು ಮಾತಿದೆಯೆಂದು ಯಾರಿಗೂ ನೆನಪಾಗುವುದಿಲ್ಲ. ಹುಟ್ಟಿದಾಗಿನಿಂದ ಕೇಳಿದ ಆ ಒಂದು ಮಾತನ್ನು, ಮದುವೆಯಾಗಿ ಸಂಸಾರ ಹೂಡಿದ ಮೇಲೆ, ಮೀಸೆ ಚಿಗುರುತ್ತಿದ್ದ ಹುಡುಗರ ನಡುವೆ ಎದ್ದು ನಿಂತು ಒಂದು ವಾಕ್ಯದಲ್ಲಿ ಸೇರಿಸಲಾರದೆ ಒದ್ದಾಡಿದವಳು ನಾನು. ಈಗಲೂ ಬಸ್ಸಿನ ಕಂಡಕ್ಟರು ‘ಸರ್ಕಲ್, ಸರ್ಕಲ್’ ಎಂದು ಕೂಗಿದರೆ ನನ್ನ ಕಿವಿ ಬಿಸಿಯಾಗುತ್ತದೆ.

ಆಗ ನಾವು ದೇವರಾಜ ಮೊಹಲ್ಲಾದ ಒಂದು ವಠಾರದಲ್ಲಿದ್ದೆವು. ನಮ್ಮ ಯಜಮಾನರದು ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಅಂಗಡಿ. ಮನೆಯಲ್ಲಿ ನಾವಿಬ್ಬರು, ನಮ್ಮತ್ತೆ, ಅಷ್ಟೇ. ನಾನು ಹತ್ತಿರದ ಹೆಣ್ಣುಮಕ್ಕಳ ಪ್ರೈಮರಿ ಶಾಲೆಯಲ್ಲಿ ಒಂದನೇ ಕ್ಲಾಸಿನ ಟೆಂಪರವರಿ ಟೀಚರು. ಎಸ್ಸೆಸ್ಸೆಲ್ಸಿಯಲ್ಲಿ ಮಿಕ್ಕಿದ್ದೆಲ್ಲ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಡುಮ್ಕಿ ಹೊಡೆದಿದ್ದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಶಾಲೆಗೆ ಮಕ್ಕಳು ಹೆಚ್ಚಿ, ಟೀಚರುಗಳು ಸಾಲದೆ ಹೋದಾಗ ನನ್ನಂಥವರನ್ನೂ ತೆಗೆದುಕೊಂಡಿದ್ದರು. ಕೆಲವು ವರ್ಷ ಕಳೆಯುವಷ್ಟರಲ್ಲಿ ಪಾಸಾದವರು ಬೇಕಾದಷ್ಟು ಸಿಗತೊಡಗಿದರು. ಒಂದು ದಿನ ಹೆಡ್‌ಮಿಸ್ಟ್ರೆಸ್ಸು ನನ್ನನ್ನು ಕರೆದು, ‘ಬರೋ ಬೇಸಿಗೆಯೊಳಗೆ ಆ ಇಂಗ್ಲಿಷ್ ಮುಗಿಸ್ಕೊಂಡ್ಬಿಡಿ. ಇಲ್ದಿದ್ರೆ ನಿಮ್ಮನ್ನ ಉಳಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ ಕಣ್ರೀ’ ಅಂದರು.

ಕೆಲಸ ಹೋದರೆ ಊಟಕ್ಕೇನೂ ತೊಂದರೆಯಿರಲಿಲ್ಲ. ಯಜಮಾನರು ‘ಹೋದ್ರೆ ಹೋಗ್ಲಿ ಬುಡು’ ಅಂದರು. ನನಗೆ ಮಾತ್ರ ಎದೆ ಒಡೆದುಹೋಯಿತು. ತೌರಿನಲ್ಲಿ ನಾನು ‘ಲೇ’, ಗಂಡನ ಮನೆಯಲ್ಲಿ ‘ಇವಳೇ’. ಶಾಲೆಗೆ ಸೇರಿದ ಮೇಲೆ ಮಕ್ಕಳ ತಾಯಂದಿರು ಬೀದಿಯಲ್ಲಿ ಕಂಡರೆ ಸೆರಗು ಸರಿಮಾಡಿಕೊಂಡು ‘ಚೆನ್ನಾಗಿದೀರಾ ಮೇಡಮ್ಮೋರೆ’ ಅನ್ನುತ್ತಿದ್ದರು. ಆ ಒಂದು ಬಹುವಚನ ನನಗೆ ಒಡವೆಗಿಂತ ಹೆಚ್ಚಾಗಿತ್ತು. ಅದನ್ನು ಬಿಚ್ಚಿಕೊಟ್ಟು ಮತ್ತೆ ಒಲೆಯ ಮುಂದೆ ಕೂರಲು ನಾನು ತಯಾರಿರಲಿಲ್ಲ.

ಹಾಗಾಗಿ ಟ್ಯುಟೋರಿಯಲ್ಲಿಗೆ ಸೇರಿದೆ. ಊದುಬತ್ತಿ ಅಂಗಡಿಯ ಮಹಡಿ ಮೇಲೆ ಒಂದು ಉದ್ದನೆ ಕೋಣೆ, ಅದರಲ್ಲಿ ಸಂಜೆ ಕ್ಲಾಸು. ಫೇಲಾದ ಹುಡುಗರೆಲ್ಲ ಅಲ್ಲಿಗೇ ಬರುತ್ತಿದ್ದರು. ಅವರಲ್ಲಿ ಇಬ್ಬರ ತಂಗಿಯರು ನನ್ನ ಒಂದನೇ ಕ್ಲಾಸಿನಲ್ಲಿದ್ದರು. ಬೆಳಿಗ್ಗೆ ತಂಗಿಗೆ ಅ ಆ ಇ ಈ ತಿದ್ದಿಸಿ, ಸಂಜೆ ಅಣ್ಣನ ಪಕ್ಕದ ಬೆಂಚಿನಲ್ಲಿ ಕೂತು ಬೈಸಿಕೊಳ್ಳಬೇಕು. ಯಾರಿಗೂ ತಿಳಿಯಬಾರದೆಂದು ವಠಾರದಲ್ಲಿ ‘ಭಜನೆಗೆ ಹೋಗ್ತೀನಿ’ ಅಂತ ಹೇಳಿಕೊಂಡಿದ್ದೆ. ಆ ಸುಳ್ಳು ಒಂದು ವಾರವೂ ಬಾಳಲಿಲ್ಲ. ನಮ್ಮತ್ತೆ ನಲ್ಲಿಯ ಹತ್ತಿರ ನಿಂತು, ‘ಭಜ್ನೆನೂ ಇಲ್ಲ ಎಂತದೂ ಇಲ್ಲ. ನನ್ ಸೊಸೆ ಇಂಗ್ಲೀಸ್ ಓದಕ್ಕೋಯ್ತಾಳೆ’ ಅಂತ ಇಡೀ ವಠಾರಕ್ಕೆ ಸಾರಿಬಿಟ್ಟಿದ್ದರು.

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಶ್ರೀರಂಗಪಟ್ಟಣದ ಆಚೆ, ಕಾಲುವೆ ನೀರಿನ ಬಯಲಿನಲ್ಲಿ ಗದ್ದೆ ಕೆಲಸ ಮಾಡಿಕೊಂಡಿದ್ದವರು. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ಇರಲು ಬಂದರು. ಎರಡು ಕಣ್ಣಿಗೂ ಪೊರೆ ಬರುತ್ತಿತ್ತು. ಎದುರಿಗೆ ಬಂದವರು ಯಾರೆಂದು ಮಾತಾಡಿದ ಮೇಲೆಯೇ ಗೊತ್ತಾಗಬೇಕು. ಗಂಟಲು ಮಾತ್ರ ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗುವ ಗಂಟಲೇ. ಅವರು ಗುಟ್ಟು ಹೇಳಿದರೂ ನಾಲ್ಕು ಮನೆಗೆ ಕೇಳಿಸುತ್ತಿತ್ತು.

ಟ್ಯುಟೋರಿಯಲ್ಲಿನ ಮೇಷ್ಟ್ರು ವಯಸ್ಸಾದವರು, ಕ್ಲೋಸ್ ಕಾಲರ್ ಕೋಟು ಹಾಕುತ್ತಿದ್ದರು. ಅವರ ಪಾಠದ ರೀತಿಯೇ ಬೇರೆ. ದಿನಕ್ಕೊಂದು ಇಂಗ್ಲಿಷ್ ಪದವನ್ನು ಬೋರ್ಡಿನ ನಡುವೆ ಬರೆದು, ಅದು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲೆಲ್ಲ ಒಂದೊಂದು ಗೆರೆ ಎಳೆಯುವರು. ಆ ಶನಿವಾರ ಬರೆದದ್ದು ಸರ್ಕಲ್. ‘ಇದು ಎಲ್ಲರಿಗೂ ಗೊತ್ತಿರೋ ಪದ, ಅದಕ್ಕೇ ಯಾರೂ ಇದನ್ನ ಓದಲ್ಲ’ ಅಂದರು. ಗಣಿತದಲ್ಲಿ ಕಂಪಾಸಿನಿಂದ ಎಳೆಯುವುದು ಸರ್ಕಲ್. ದಾರಿಗಳು ಕೂಡುವ ಕಡೆ ಸರ್ಕಲ್. ಪೊಲೀಸ್ ಇನ್ಸ್‌ಪೆಕ್ಟರ ಅಧಿಕಾರ ನಡೆಯುವಷ್ಟು ಸೀಮೆ ಸರ್ಕಲ್. ನಾಟಕದ ಥಿಯೇಟರಿನಲ್ಲಿ ಮೇಲ್ಗಡೆಯ ಒಳ್ಳೆಯ ಸೀಟುಗಳಿಗೂ ಸರ್ಕಲ್ ಅನ್ನುತ್ತಾರೆ. ನಿದ್ದೆಗೆಟ್ಟರೆ ಕಣ್ಣಿನ ಕೆಳಗೆ ಕಪ್ಪಾಗುವುದೂ ಸರ್ಕಲ್ಲೇ. ಸ್ನೇಹಿತರದೊಂದು ಸರ್ಕಲ್, ಮನೆಯವರದೊಂದು ಸರ್ಕಲ್. ದೊಡ್ಡವರಿಗೆ ತೀರ ಹತ್ತಿರವಾಗಿ ಗುಟ್ಟು ಬಲ್ಲವರದು ಒಳಗಿನ ಸರ್ಕಲ್. ಒಂದು ಕಷ್ಟದಿಂದ ಇನ್ನೊಂದು ಕಷ್ಟ ಹುಟ್ಟಿ, ಅದು ತಿರುಗಿ ಮೊದಲನೆಯದನ್ನೇ ಹೆಚ್ಚಿಸಿದರೆ ಅದೂ ಒಂದು ಕೆಟ್ಟ ಸರ್ಕಲ್. ಬೋರ್ಡಿನಲ್ಲಿ ಜಾಗ ಸಾಲದೆ ಅವರು ಕೊನೆಯ ಗೆರೆಯನ್ನು ಗೋಡೆಯ ಮೇಲೆ ಎಳೆದರು.

‘ಈಗ ಒಬ್ಬೊಬ್ಬರೂ ಒಂದು ವಾಕ್ಯ ಹೇಳಿ. ಗೈಡಿಂದು ಬೇಡ, ನಿಮ್ಮದೇ ಆಗಿರಲಿ’ ಅಂದರು ಮೇಷ್ಟ್ರು. ಯಾದವಗಿರಿ ಬಂಗಲೆಯಿಂದ ಸೈಕಲ್ ಮೇಲೆ ಬರುತ್ತಿದ್ದ ಹುಡುಗನೊಬ್ಬ ಎದ್ದು ತನ್ನ ತಂದೆಯ ಸ್ನೇಹಿತರ ಸರ್ಕಲ್ ಬಹಳ ದೊಡ್ಡದು ಅಂದ. ಇನ್ನೊಬ್ಬ ಸರ್ಕಲ್ ಇನ್ಸ್‌ಪೆಕ್ಟರು ತನ್ನ ಸೋದರಮಾವ ಅಂದ. ನನ್ನ ಸರದಿ ಬಂತು. ಗೈಡಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಗಂಟಲ ತನಕ ಬಂದು ನಿಂತಿತು, ಆದರೆ ಗೈಡಿನದು ಹೇಳುವ ಹಾಗಿಲ್ಲ. ಕೊನೆಗೆ ನಾನು ‘ದಿ ಸರ್ಕಲ್ ಈಸ್ ರೌಂಡ್’ ಅಂದೆ.

ಹುಡುಗರು ಬೆಂಚು ಕುಟ್ಟಿಕೊಂಡು ನಕ್ಕರು. ಮೇಷ್ಟ್ರು ನಗಲಿಲ್ಲ. ‘ತಪ್ಪೇನಿಲ್ಲಮ್ಮ, ಸರ್ಕಲ್ ಗುಂಡಗೇ ಇರುತ್ತೆ. ಆದರೆ ಇದು ಯಾರ ವಾಕ್ಯ? ಯಾರು ಬೇಕಾದ್ರೂ ಹೇಳಬಹುದಲ್ಲ. ನೀವು ಮಾತ್ರ ಹೇಳಬಲ್ಲಂಥದ್ದು ಒಂದನ್ನ ಸೋಮವಾರ ತನ್ನಿ’ ಅಂದರು. ಅವರೂ ನಕ್ಕಿದ್ದರೆ ವಾಸಿಯಿತ್ತು. ನಾಚಿಕೆಗೆ ಪೆನ್ನಿನ ಮುಚ್ಚಳವನ್ನೂ ಹಾಕದೆ ಪುಸ್ತಕ ಮಡಿಸಿಕೊಂಡು ಮೆಟ್ಟಿಲಿಳಿದೆ.

ಮನೆಗೆ ಹೋಗುವ ದಾರಿಯಲ್ಲಿ ಕೋಪ ಬಂತು. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿರುತ್ತದೆ. ಆ ಬೋರ್ಡಿನ ತುಂಬ ಎಳೆದ ಗೆರೆಗಳಲ್ಲಿ ನನ್ನದು ಯಾವುದು? ಥಿಯೇಟರಿನಲ್ಲಿ ನಾವು ಕೂತದ್ದು ಯಾವಾಗಲೂ ಮುಂದಿನ ಬೆಂಚು. ಸ್ನೇಹಿತರ ಸರ್ಕಲ್ ಅನ್ನುವಂಥದ್ದು ಗಂಡಸರಿಗೆ ಇರುತ್ತದೆ. ನನಗೆ ಇದ್ದವರು ನಲ್ಲಿಯ ಹತ್ತಿರ ಕೊಡದ ಸರದಿಗೆ ಜಗಳವಾಡುವವರು. ಶಾಲೆಯಲ್ಲಿ ಕಾಯಂ ಟೀಚರುಗಳು ಬಿಡುವಿನಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂರುತ್ತಿದ್ದರು. ಟೆಂಪರವರಿಯವಳಾದ ನಾನು ಕಿಟಕಿಯ ಕಟ್ಟೆಯ ಮೇಲೆ ಡಬ್ಬಿ ಬಿಚ್ಚುತ್ತಿದ್ದೆ. ನನ್ನ ಪಾಲಿಗೆ ಉಳಿದದ್ದು ಕಣ್ಣಿನ ಕೆಳಗಿನ ಕಪ್ಪು ಒಂದೇ. ಅದನ್ನು ಎದ್ದು ನಿಂತು ಹೇಳುವುದಾದರೂ ಹೇಗೆ?

ಮರುದಿನ ಭಾನುವಾರ. ಅತ್ತೆಯ ನೆಂಟರ ಹುಡುಗಿಯೊಬ್ಬಳಿಗೆ ಬಳೆ ಬೇಕಾಗಿತ್ತು. ನಾನೂ ಅತ್ತೆಯೂ ಪೇಟೆಗೆ ಹೋಗಿ ತಂದೆವು. ಬರುವಾಗ ಅರಮನೆಯ ಹತ್ತಿರದ ದೊಡ್ಡ ಸರ್ಕಲ್ ಸಿಕ್ಕಿತು. ಅದರ ನಡುವೆ ಮಂಟಪ ಕಟ್ಟಿ, ತೀರಿಕೊಂಡ ಮಹಾರಾಜರ ಬಿಳಿ ಕಲ್ಲಿನ ಪ್ರತಿಮೆ ನಿಲ್ಲಿಸಿ ಬಹಳ ಕಾಲವಾಗಿರಲಿಲ್ಲ. ಅತ್ತೆ ಅದನ್ನು ನೋಡಿರಲಿಲ್ಲ. ಕೈಯನ್ನು ಹಣೆಗೆ ಅಡ್ಡ ಹಿಡಿದು ಆ ಬಿಳುಪನ್ನು ಬಹಳ ಹೊತ್ತು ನೋಡಿದರು.

‘ಯಾರವ್ವ ಅದು?’

‘ಮಹಾರಾಜರು, ಅತ್ತೆ.’

‘ನಮ್ ಗದ್ದೆಗೆ ನೀರು ತಂದ್ ದೊರೆಯಾ?’

‘ಹೂಂ, ಅವರೇ.’

ಅಷ್ಟೇ. ಅತ್ತೆ ಚಪ್ಪಲಿ ಬಿಟ್ಟು ‘ಇಟ್ಕೊ’ ಅಂದು ನನ್ನ ಕೈಗೆ ಕೊಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಮುಗಿದುಕೊಂಡು ರಸ್ತೆಗೆ ಇಳಿದೇಬಿಟ್ಟರು. ದೇವಸ್ಥಾನದಲ್ಲಿ ಗರ್ಭಗುಡಿ ಸುತ್ತುವ ಹಾಗೆ, ಮಂಟಪವನ್ನು ಬಲಕ್ಕೆ ಇಟ್ಟುಕೊಂಡು, ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಪ್ರದಕ್ಷಿಣೆ ಶುರುಮಾಡಿದರು. ಪಕ್ಕದ ದಾರಿಯಿಂದ ಬಂದ ಜಟಕಾದ ಕುದುರೆ ಗಕ್ಕನೆ ನಿಂತಿತು. ಬಸ್ಸೊಂದು ಹಾರನ್ ಬಾರಿಸಿತು. ಪೊಲೀಸಿನವನು ತನ್ನ ಕಟ್ಟೆಯ ಮೇಲೆ ನಿಂತು ಒಂದು ಕ್ಷಣ ಏನೂ ತೋಚದೆ ನೋಡಿದ. ಆಮೇಲೆ ಎರಡೂ ಕೈ ಚಾಚಿ ಎಲ್ಲ ಕಡೆಯ ಗಾಡಿಗಳನ್ನೂ ನಿಲ್ಲಿಸಿದ.

ಪಕ್ಕದ ಹೋಟೆಲಿನ ಬಾಗಿಲಲ್ಲಿ ಟ್ಯುಟೋರಿಯಲ್ಲಿನ ಹುಡುಗರು ಕಾಫಿ ಕುಡಿದು ಹೊರಗೆ ಬರುತ್ತಿದ್ದರು. ಯಾದವಗಿರಿಯವನೂ ಇದ್ದ. ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಹಳೆ ಚಪ್ಪಲಿ ನೋಡಿದರು, ನಡುರಸ್ತೆಯ ಅತ್ತೆಯನ್ನು ನೋಡಿದರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಚಪ್ಪಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಅದರಿಂದ ಇನ್ನಷ್ಟು ನಗೆಪಾಟಲಾಯಿತು.

ಅತ್ತೆ ಮಂಟಪದ ಹಿಂದಿನಿಂದ ಸುತ್ತಿ ಬಂದು, ನಾನು ನಿಂತಿದ್ದ ದಿಕ್ಕಿಗೆ ಮುಖ ಮಾಡಿ, ಗದ್ದೆಯ ಗಂಟಲಲ್ಲಿ ಕೂಗಿದರು: ‘ಬಾರವ್ವ ಸೊಸೇ, ಅಲ್ಯಾಕ್ ನಿಂತ್ಕೊಂಡಿದೀಯ? ನೀನೂ ಸುತ್ತು. ದೊರೆ ಎಂಗಾದ್ರೂ ಮಾಡಿ ಪಾಸು ಮಾಡುಸ್ತಾನೆ. ಇಂಗ್ಲೀಸು ಅವ್ನಿಗೆ ಚೆಂದಾಗಿ ಗೊತ್ತು.’

ಹೋಟೆಲಿನ ಬಾಗಿಲಲ್ಲಿ ನಗು ಭುಗಿಲೆದ್ದಿತು. ಪೊಲೀಸಿನವನು ಚಾಚಿದ ಕೈ ಇಳಿಸದೆ ನನ್ನ ಕಡೆ ತಿರುಗಿ, ‘ಹೋಗ್ರಮ್ಮ, ಬೇಗ ಒಂದ್ ಸುತ್ತು ಬಂದ್ಬುಡಿ, ಗಾಡಿಗಳು ನಿಂತಿವೆ’ ಅಂದ. ಹೋಗದೆ ನಿಂತರೆ ಊರೆಲ್ಲ ನಿಂತಿರುತ್ತದೆ. ತಲೆ ತಗ್ಗಿಸಿ, ನನ್ನ ಚಪ್ಪಲಿಯನ್ನು ಅಲ್ಲೇ ಬಿಟ್ಟು, ಅತ್ತೆಯದನ್ನು ಸೆರಗಿನಲ್ಲಿ ಹಾಗೇ ಇಟ್ಟುಕೊಂಡು, ಅತ್ತೆಯ ಹಿಂದೆ ಒಂದು ಸುತ್ತು ಹಾಕಿದೆ. ಮಹಾರಾಜರ ಮುಖ ನೋಡಿದೆನೋ ಇಲ್ಲವೋ ನೆನಪಿಲ್ಲ. ಟಾರು ಕಾದಿದ್ದದ್ದು ನೆನಪಿದೆ.

ಮನೆಯ ದಾರಿ ಹಿಡಿದ ಮೇಲೆ ಅತ್ತೆಯ ಮೇಲೆ ರೇಗಿದೆ. ‘ಅದೇನು ದೇವಸ್ಥಾನವಾ? ದೇವರು ಅಂದ್ಕೊಂಡ್ರಾ? ಜನ ಎಷ್ಟು ನಕ್ಕರು ನೋಡಿದ್ರಾ?’

‘ದ್ಯಾವ್ರು ಅಂತ ಯಾರಂದ್ರು? ದೊರೆ ಅಂತ ಗೊತ್ತು’ ಅಂದರು ಅತ್ತೆ, ನಿಧಾನವಾಗಿ. ‘ಬಸ್ಸೂ ಅವ್ನ ಸುತ್ತೇ ಓಯ್ತದೆ, ಜಟ್ಕಾನೂ ಸುತ್ತೇ ಓಯ್ತದೆ, ಅದೂ ಬಲಕ್ಕೆ ಇಟ್ಕೊಂಡೇ. ಅವುಕ್ಕೆ ಯಾರೂ ನಗಾಕಿಲ್ಲ. ನಾನ್ ಸುತ್ತಿದ್ರೆ ನಗ್ತಾರಾ?’

ನಾನು ಬಳೆಯ ಪೊಟ್ಟಣವನ್ನು ಇನ್ನೊಂದು ಕೈಗೆ ಬದಲಾಯಿಸಿ, ಅತ್ತೆಯ ಕೈ ಹಿಡಿದು ರಸ್ತೆ ದಾಟಿಸಿದೆ.

ಸೋಮವಾರ ಟ್ಯುಟೋರಿಯಲ್ಲಿಗೆ ಹೋಗಬಾರದೆಂದುಕೊಂಡಿದ್ದೆ. ಪಾಸಾಗದಿದ್ದರೆ ಜೂನ್‌ನಲ್ಲಿ ಕೆಲಸ ಹೋಗುವುದು ನೆನಪಾಗಿ ಹೋದೆ. ಮೆಟ್ಟಿಲು ಹತ್ತುವಾಗಲೇ ಒಳಗೆ ಗುಸುಗುಸು ನಿಂತಿತು. ಮೇಷ್ಟ್ರು ‘ಸರ್ಕಲ್ ವಾಕ್ಯ ಎಲ್ಲಿ?’ ಅನ್ನುತ್ತಿದ್ದ ಹಾಗೆಯೇ ಯಾದವಗಿರಿಯವನು, ‘ಸಾರ್, ಇವರು ನೆನ್ನೆ ಸರ್ಕಲ್ಲಿಗೇ ಪ್ರದಕ್ಷಿಣೆ ಹಾಕಿದ್ರು ಸಾರ್’ ಅಂದ. ಮತ್ತೆ ಬೆಂಚು ಕುಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು, ಜೊತೆಗೆ ಕೋಪವೂ ಬಂತು. ಎದ್ದು ನಿಂತು, ಇದ್ದಬದ್ದ ಇಂಗ್ಲಿಷನ್ನೆಲ್ಲ ಕೂಡಿಸಿ, ಮೈಸೂರಿನಲ್ಲಿ ಬಸ್ಸುಗಳು ಕೂಡ ರಾಜರನ್ನು ಸುತ್ತಿಕೊಂಡು ಹೋಗುತ್ತವೆ ಅನ್ನುವ ಅರ್ಥ ಬರುವಂತೆ ಒಂದು ವಾಕ್ಯ ಹೇಳಿದೆ. ವ್ಯಾಕರಣ ಅಷ್ಟಕ್ಕಷ್ಟೆ ಇತ್ತು.

ಈ ಸಲ ಹುಡುಗರು ನಕ್ಕದ್ದು ಬೇರೆ ಥರ. ಒಬ್ಬ ‘ಭಲೇ’ ಅಂದ. ಮೇಷ್ಟ್ರು ಸೀಮೆಸುಣ್ಣ ತೆಗೆದುಕೊಂಡು ನನ್ನ ವಾಕ್ಯವನ್ನು ಬೋರ್ಡಿನ ಮೇಲೆ ಬರೆದರು. ‘ಸುತ್ತಿಕೊಂಡು ಹೋಗುತ್ತವೆ ಅನ್ನೋದಕ್ಕೆ ನೀವು ಮೂರು ಪದ ಹಾಕಿದ್ರಿ. ಬೇಕಾಗಿಲ್ಲ. ಸರ್ಕಲ್ ಅಂದರೆ ಬರೀ ನಿಂತಿರೋ ಜಾಗ ಅಲ್ಲ, ಸುತ್ತೋ ಕೆಲಸಾನೂ ಅದೇ’ ಅಂದು, ಆ ಒಂದೇ ಪದ ಹಾಕಿ ತಿದ್ದಿದರು. ಆಮೇಲೆ ನನ್ನ ಕಡೆ ನೋಡಿ, ‘ಈಗ ಹೇಳಿದ್ರಲ್ಲ, ಇದು ನಿಮ್ಮ ವಾಕ್ಯ’ ಅಂದರು.

ಅದು ಅತ್ತೆಯ ವಾಕ್ಯ. ಅವರು ಹೇಳಿ ಎರಡು ದಿನವೂ ಆಗಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದೆ; ಆದರೆ ಹುಡುಗರು ಆಗತಾನೆ ನನ್ನನ್ನು ಮೆಚ್ಚಿ ನೋಡುತ್ತಿದ್ದರು. ಸುಮ್ಮನೆ ಕೂತೆ. ಮೊದಲ ದಿನದ ನಾಚಿಕೆ ಎಲ್ಲರಿಗೂ ಕಾಣುವಂಥದ್ದು. ಈ ನಾಚಿಕೆ ನನಗೊಬ್ಬಳಿಗೇ ಗೊತ್ತಿದ್ದದ್ದು, ಅದಕ್ಕೇ ಇರಬೇಕು, ಅದು ಇನ್ನೂ ಹೋಗಿಲ್ಲ.

ಪರೀಕ್ಷೆಯಲ್ಲಿ ಸರ್ಕಲ್ ಬರಲೇ ಇಲ್ಲ. ನಿಮ್ಮ ಊರಿನ ಜನನಿಬಿಡ ಜಾಗವೊಂದನ್ನು ವರ್ಣಿಸಿ ಎಂದು ಪ್ರಬಂಧಕ್ಕೆ ಕೇಳಿದ್ದರು. ಗೈಡಿನ ರೈಲ್ವೆ ಸ್ಟೇಷನ್ ಬಾಯಿಗೆ ಬರುತ್ತಿತ್ತು, ಆದರೂ ಬಿಟ್ಟೆ. ಜಟಕಾ, ಪೊಲೀಸಿನವನ ಚಾಚಿದ ಕೈ, ಬಿಳಿ ಕಲ್ಲಿನ ದೊರೆ, ಅವರನ್ನು ಸುತ್ತುವ ಬಸ್ಸುಗಳು, ಎಲ್ಲವನ್ನೂ ಬರೆದೆ. ಬರಿಗಾಲಿನಲ್ಲಿ ಸುತ್ತಿದ ಹೆಂಗಸೊಬ್ಬಳನ್ನೂ ಬರೆದೆ. ಅವಳು ಯಾರೋ ಹಳ್ಳಿಯವಳು ಅಂತ ಬರೆದೆ.

ಪಾಸಾಯಿತು. ಪೇಪರಿನಲ್ಲಿ ನಂಬರು ನೋಡಿ ಯಜಮಾನರು ವಠಾರಕ್ಕೆಲ್ಲ ಮೈಸೂರುಪಾಕು ಹಂಚಿದರು. ಜೂನ್‌ನಲ್ಲಿ ಹೆಡ್‌ಮಿಸ್ಟ್ರೆಸ್ಸು ಕೆಲಸ ಕಾಯಂ ಆಗುವುದಕ್ಕೆ ಶಿಫಾರಸು ಕಳಿಸಿದರು. ಬಿಡುವಿನ ಹೊತ್ತಿನಲ್ಲಿ ಒಬ್ಬರು ಟೀಚರು ತಮ್ಮ ಕುರ್ಚಿ ಸರಿಸಿ, ‘ಇಲ್ಲೇ ಬನ್ರೀ, ಅಲ್ಯಾಕೆ ಕಿಟಕೀಲಿ ಕೂರ್ತೀರಿ’ ಅಂದರು. ನಾನೂ ಆ ದುಂಡನೆಯ ಸಾಲಿಗೆ ಸೇರಿಕೊಂಡೆ. ಒಳಗಿನಿಂದ ನೋಡಿದರೆ ಅಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ಉಪ್ಪಿನಕಾಯಿ ಬದಲಾಯಿಸಿಕೊಂಡು, ಅಲ್ಲಿಲ್ಲದವರ ಮಾತಾಡುತ್ತಿದ್ದರು.

ಅತ್ತೆ ಮಾತ್ರ ಅವತ್ತು ಸುತ್ತುವಾಗ ಮನಸ್ಸಿನಲ್ಲೇ ಹೊತ್ತ ಹರಕೆ ಮರೆತಿರಲಿಲ್ಲ. ‘ಪಾಸ್ ಮಾಡ್ಸವ್ನೆ. ಓಗಿ ಸುತ್ತಿ ಬರ್ಬೇಕು ಕಣವ್ವ, ಇಲ್ದಿದ್ರೆ ಮಾತಿಗೆ ತಪ್ಪಿದಂಗಾಯ್ತದೆ’ ಅಂದರು. ಭಾನುವಾರ ಹೋಗೋಣ ಅಂದರು. ಭಾನುವಾರ ಸರ್ಕಲ್ಲಿನಲ್ಲಿ ಯಾರು ಯಾರು ಓಡಾಡುತ್ತಾರೆಂದು ನನಗೆ ಗೊತ್ತಿತ್ತು. ನನ್ನ ಕುರ್ಚಿಯ ಪಕ್ಕದವರೂ ಅಲ್ಲೇ ಓಡಾಡುವವರು. ‘ಬೆಳಕು ಹರಿಯೋ ಹೊತ್ತಿಗೆ ಹೋಗಿಬಿಡೋಣ ಅತ್ತೆ, ಆಗ ಗಾಡಿ ಕಾಟ ಇರಲ್ಲ’ ಅಂದೆ. ಅತ್ತೆ ನನ್ನ ಧ್ವನಿ ಬಂದ ಕಡೆ ಮುಖ ತಿರುಗಿಸಿ, ‘ಆಗ್ಲಿ’ ಅಂದರು.

ಹೋದೆವು. ಹಾಲಿನವನ ಸೈಕಲ್ ಒಂದು ಬಿಟ್ಟರೆ ರಸ್ತೆ ಖಾಲಿ. ಪೊಲೀಸಿನವನ ಕಟ್ಟೆಯೂ ಖಾಲಿ. ನಾನು ಚಪ್ಪಲಿ ಬಿಡಲು ಬಗ್ಗಿದಾಗ ಅತ್ತೆ ತಡೆದರು. ‘ನೀನು ಇಲ್ಲೇ ನಿಂತ್ಕೊಳವ್ವ. ನಾನು ಸುತ್ತಿ ಬತ್ತೀನಿ. ಅರಕೆ ಒತ್ಕೊಂಡವ್ಳು ನಾನಲ್ವಾ. ಚಪ್ಲಿ ಇಟ್ಕೊ, ಸಾಕು’ ಅಂದರು. ಬೇಡ, ನಾನೂ ಬರುತ್ತೇನೆ ಅನ್ನಬಹುದಾಗಿತ್ತು. ನೋಡುವವರು ಕೂಡ ಇರಲಿಲ್ಲ. ಆದರೂ ನಿಂತೆ.

ಅತ್ತೆಯ ಕಣ್ಣು ಆ ಬೇಸಿಗೆಯಲ್ಲಿ ಇನ್ನೂ ಮಂಜಾಗಿತ್ತು. ಮಂಟಪದ ಬಿಳುಪೊಂದು ಕಂಡರೆ ಅವರಿಗೆ ಸಾಕಾಗಿತ್ತು. ಅದರ ಅಂಚು ಹಿಡಿದು ಸುತ್ತಿದರು, ಮತ್ತೆ ಸುತ್ತಿದರು, ನಿಂತು ಕೈ ಮುಗಿದರು. ಆಮೇಲೆ ಈಚೆ ತಿರುಗಿದರೆ ಎಲ್ಲ ದಾರಿಗಳೂ ಒಂದೇ ಥರ. ನಾನು ಯಾವ ದಾರಿಯ ಬಾಯಲ್ಲಿ ನಿಂತಿದ್ದೇನೆಂದು ತಿಳಿಯಲಿಲ್ಲ. ಒಂದು ದಿಕ್ಕಿಗೆ ಎರಡು ಹೆಜ್ಜೆ ಇಟ್ಟು ಹಿಂದೆ ಬಂದರು, ಇನ್ನೊಂದು ದಿಕ್ಕಿಗೆ ತಿರುಗಿದರು. ನಾನು ಕರೆಯಬೇಕು ಅಂದುಕೊಳ್ಳುವಷ್ಟರಲ್ಲಿ ಅವರೇ ಕರೆದರು. ಗದ್ದೆಯ ಗಂಟಲಲ್ಲ, ಮೆಲ್ಲಗೆ, ಬೀದಿಯ ಹೆಂಗಸರು ಕರೆಯುವ ಹಾಗೆ.

‘ಮೇಡಮ್ಮೋರೆ... ಎಲ್ಲಿದೀರಿ, ಮೇಡಮ್ಮೋರೆ?’

ಚಪ್ಪಲಿ ಹಿಡಿದುಕೊಂಡೇ ಓಡಿದೆ. ಅವರ ಕೈ ಹಿಡಿದು, ‘ಯಾಕತ್ತೆ ಹಂಗೆ ಕರೀತೀರಿ?’ ಅಂದೆ. ನನ್ನ ಧ್ವನಿ ಕೇಳಿ ಅವರ ಮುಖ ಸಡಿಲವಾಯಿತು. ಸುತ್ತಮುತ್ತ ಯಾರಾದರೂ ಇದ್ದಾರೋ ಏನೋ ಎಂದು ಆ ಕಾಣದ ಕಣ್ಣನ್ನು ಒಮ್ಮೆ ಆಡಿಸಿ, ನನ್ನ ಕಿವಿಯ ಹತ್ತಿರ ಹೇಳಿದರು:

‘ಸೊಸೆ ಅಂದ್ರೆ ನನ್ನವಳು ಅಂತ ಜನಕ್ಕೆ ಗೊತ್ತಾಗೋಯ್ತದಲ್ಲವ್ವ.’